ಅಳಿಯ ಮುಟ್ಟಿದ ಮಿಷನ್ನು

ಮಿಷನ್ನು ತಾನಾಗಿ ಕೆಡುತ್ತಿಲ್ಲ, ಯಾರೋ ಕೆಡಿಸುತ್ತಿದ್ದಾರೆ, ಆ ಯಾರೋ ಬೇರೆ ಯಾರೂ ಅಲ್ಲ, ತನ್ನ ಸ್ವಂತ ಅಳಿಯನೇ ಎಂದು ತೋಟದಮ್ಮ ತೀರ್ಮಾನಿಸಿದ್ದು ಒಂದು ಬೆಳಿಗ್ಗೆ, ಪೊರಕೆ ಹಿಡಿದುಕೊಂಡು ಶೆಡ್ಡಿನ ಕಿಟಕಿಯ ಹೊರಗೆ ನಿಂತಿದ್ದಾಗ. ಕದ್ದು ನೋಡಬೇಕೆಂದು ನಿಂತವಳಲ್ಲ ಅವಳು. ಆದರೆ ಕಂಡ ಮೇಲೆ ಕಣ್ಣು ಮುಚ್ಚಿಕೊಳ್ಳುವವಳೂ ಅಲ್ಲ.

ಒಳಗೆ ಅಳಿಯ ಮಂಡಿಯೂರಿ ಕೂತಿದ್ದ. ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗಿನ ಮೇಲಿದ್ದ ಕಪ್ಪು ರಬ್ಬರ್ ಟೋಪಿಯನ್ನು ವೈರಿನ ಸಮೇತ ಪಟ್ಟನೆ ಕಿತ್ತು ಪಕ್ಕಕ್ಕೆ ತಿರುಗಿಸಿದ. ಆಮೇಲೆ ಬ್ಲೇಡಿನ ಸಂದಿಗೆ ಕೈ ಹಾಕಿ ಏನೇನೋ ತಡಕಿದ. ಎದ್ದು ನಿಂತು ಜೇಬಿನಿಂದ ಚಾಕು ತೆಗೆದ. ಹಿಡಿಯ ಹತ್ತಿರ ಬಗ್ಗಿ ಏನನ್ನೋ ಕುಯ್ದ. ಕುಯ್ದದ್ದನ್ನು ಜೇಬಿಗೆ ತುರುಕಿಕೊಂಡು, ಆಚೀಚೆ ನೋಡಿ ಹೊರಟುಹೋದ. ಆ ಆಚೀಚೆ ನೋಡಿದ್ದು ಇದೆಯಲ್ಲ, ಅದೇ ಸಾಕಾಯಿತು ತೋಟದಮ್ಮನಿಗೆ. ಸಾಚಾ ಮನುಷ್ಯ ಯಾಕೆ ಆಚೀಚೆ ನೋಡುತ್ತಾನೆ?

ಸ್ವಲ್ಪ ಹೊತ್ತಿಗೆ ಅವಳ ಗಂಡ ಬಂದ. ಅವರು ಕೆಲಸಕ್ಕಿದ್ದ ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ತೋಟದ ಉಸ್ತುವಾರಿಯ ಅವನು ಮೇಸ್ತ್ರಿ, ಹೂವಿನ ಪಾತಿ ನೋಡಿಕೊಳ್ಳುವ ಇವಳು ತೋಟದಮ್ಮ. ಮೇಸ್ತ್ರಿ ಮಿಷನ್ನನ್ನು ಹೊರಗೆ ತಳ್ಳಿ ಹಗ್ಗ ಎಳೆದ. ಊಹೂಂ. ಮತ್ತೆ ಎಳೆದ. ಊಹೂಂ. ಬಗ್ಗಿ ನೋಡಿ, ಕಿತ್ತಿದ್ದ ಟೋಪಿಯನ್ನು ಅಂಗೈಯಿಂದ ಗುದ್ದಿ ಕೂರಿಸಿದ ಮೇಲೆ ಅದು ಕೆಮ್ಮುತ್ತಾ ಎದ್ದಿತು. ಎದ್ದು ಏನು ಬಂತು? ನಾಲ್ಕು ಹೆಜ್ಜೆ ಹೋಗುವುದು, ನಿಲ್ಲುವುದು. ಮೇಸ್ತ್ರಿ ಕೈ ಕೊಡವಿಕೊಂಡು ಮತ್ತೆ ಹಗ್ಗ ಎಳೆಯುವುದು. ಮ್ಯಾನೇಜರು ವರಾಂಡದಲ್ಲಿ ಟೀ ಕುಡಿಯುತ್ತಾ ಇದನ್ನೆಲ್ಲ ನೋಡುತ್ತಿದ್ದರು. ಅವರು ನೋಡುತ್ತಿರುವುದನ್ನು ಕಂಡು ತೋಟದಮ್ಮನ ಹೊಟ್ಟೆಗೆ ಬೆಂಕಿ ಬಿತ್ತು.

ಯಾಕೆಂದರೆ ಮ್ಯಾನೇಜರು ಹಿಂದಿನ ವಾರವೇ ಒಂದು ಮಾತು ಆಡಿ ಮುಗಿಸಿದ್ದರು. “ಮೇಸ್ತ್ರೀ, ನಿಮಗೂ ವಯಸ್ಸಾಯ್ತು. ಮೇಸ್ತ್ರಿ ಕೆಲಸ ಅಳಿಯನಿಗೆ ಬಿಟ್ಟು ನೀವು ನೀರು ಹಾಯಿಸ್ಕೊಂಡು ಆರಾಮಾಗಿರಿ. ಈ ತಿಂಗಳ ಕೊನೆಗೆ ಮುಂಭಾಗದ ಹುಲ್ಲಿನ ಅಂಚು ನೀವೇ ತೆಗೀರಿ, ನಾನು ನಿಂತು ನೋಡ್ತೀನಿ. ಆಮೇಲೆ ತೀರ್ಮಾನ ಮಾಡೋಣ.” ಮೇಸ್ತ್ರಿ ಮನೆಗೆ ಬಂದು ಇದನ್ನು ನಗುತ್ತಲೇ ಹೇಳಿದ, ಆದರೆ ಅವತ್ತು ಊಟ ಅರ್ಧಕ್ಕೇ ಬಿಟ್ಟು ಎದ್ದ. ಅಲ್ಲ, ಆ ಹುಲ್ಲನ್ನು ಒಂದೊಂದೇ ಬೇರು ನೆಟ್ಟು ಬೆಳೆಸಿದ ಮನುಷ್ಯ ಈಗ ಪೈಪು ಹಿಡಿದುಕೊಂಡು ನಿಲ್ಲಬೇಕಾ? ಅದೂ ಹೆಣ್ಣು ಕೊಟ್ಟ ಅಳಿಯನ ಕೈಕೆಳಗೆ?

ಹುಲ್ಲು ಕತ್ತರಿಸುವ ಮಿಷನ್ನು ಬೇರೆ, ಇದು ಬೇರೆ. ಇದು ಅಂಚಿನ ಮಿಷನ್ನು. ಹುಲ್ಲು ಕಾಲುದಾರಿಯ ಮೇಲೆ ಹಬ್ಬಿಕೊಳ್ಳದಿರಲೆಂದು, ನೆಟ್ಟಗೆ ನಿಂತ ಬ್ಲೇಡೊಂದು ದಾರಿಯ ಪಕ್ಕದ ಮಣ್ಣಿಗೆ ಇಳಿದು ಗೆರೆ ಕೊರೆಯುತ್ತಾ ಹೋಗುತ್ತದೆ. ಎಷ್ಟು ಆಳ ಇಳಿಯಬೇಕೆಂದು ಹೊಂದಿಸಲು ಪಕ್ಕದಲ್ಲಿ ಹಲ್ಲುಹಲ್ಲಾದ ಒಂದು ಲಿವರ್. ಹಿಡಿಯ ಕೆಳಗೆ ಇನ್ನೊಂದು ಕಬ್ಬಿಣದ ಪಟ್ಟಿ. ಅದನ್ನು ಹಿಡಿಗೆ ಒತ್ತಿಕೊಂಡಿರುವಷ್ಟು ಹೊತ್ತು ಮಾತ್ರ ಎಂಜಿನ್ನು ಓಡುತ್ತದೆ, ಕೈ ಬಿಟ್ಟರೆ ನಿಲ್ಲುತ್ತದೆ. ಮಿಷನ್ನು ಅಂದರೆ ತೋಟದಮ್ಮನಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಗಿಡದ ಎಲೆ ನೋಡಿದರೆ ಅದಕ್ಕೆ ಬಾಯಾರಿದೆಯೋ ಹೊಟ್ಟೆ ಕೆಟ್ಟಿದೆಯೋ ಹೇಳಿಬಿಡುತ್ತಾಳೆ. ಆದರೆ ಈ ಪಟ್ಟಿ ಯಾಕೆ, ಆ ಟೋಪಿ ಯಾಕೆ ಎಂದು ಅವಳು ಯಾವತ್ತೂ ಕೇಳಿದವಳಲ್ಲ.

ಇನ್ನು ಅಳಿಯ. ಎಂಜಿನ್ನು ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿದ್ದ. ಅದು ಮುಚ್ಚಿದ ಮೇಲೆ ಹೆಂಡತಿಯನ್ನು ಕರೆದುಕೊಂಡು ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿಗೆ, ಅಂದರೆ ಇವರ ಮನೆಗೇ ಬಂದ. ಮಾವನೇ ಮ್ಯಾನೇಜರಿಗೆ ಹೇಳಿ ತೋಟದ ಕೆಲಸಕ್ಕೆ ಸೇರಿಸಿದ್ದು. ಮಾತು ಕಡಿಮೆ, ಕೇಳಿದ್ದಕ್ಕೆ ಅರ್ಧ ಉತ್ತರ, ಕೇಳದ್ದಕ್ಕೆ ಅದೂ ಇಲ್ಲ. ಮದುವೆಯಾದ ಹೊಸದರಲ್ಲಿ ತೋಟದಮ್ಮ ಇದನ್ನು ‘ಗಂಭೀರ’ ಎಂದು ಹೇಳಿಕೊಂಡು ತಿರುಗಿದ್ದಳು. ಈಗ ಅದೇ ಗಂಭೀರ ‘ಗುಮ್ಮನಗುಸ್ಕ’ನಾಗಿದ್ದ. ಆಗ “ನೀವು ಬನ್ನಿ, ನೀವು ಕೂತ್ಕೊಳ್ಳಿ” ಇತ್ತು, ಈಗ “ನೀನು” ಎನ್ನುವುದಕ್ಕೂ ಮನಸ್ಸು ಹಿಂಜರಿಯುತ್ತಿತ್ತು. ಅಳಿಯ ಮನೆ ತೊಳಿಯ ಎಂದು ಹಿರಿಯರು ಸುಮ್ಮನೆ ಹೇಳಿದರೇ?

ಒಮ್ಮೆ ಅನುಮಾನ ಹೊಕ್ಕಿತೋ, ಆಮೇಲೆ ಸಾಕ್ಷಿ ತಾನಾಗಿಯೇ ಬಂದು ಬಾಗಿಲು ತಟ್ಟುತ್ತದೆ. ಮಾವ ಮಿಷನ್ನು ತಳ್ಳುವ ಮುಂಚೆ ಅಳಿಯ ದಾರಿಯ ಅಂಚಿನುದ್ದಕ್ಕೂ ಬಗ್ಗಿ ಬಗ್ಗಿ ನಡೆಯುತ್ತಿದ್ದ. ಏನು ಹುಡುಕುತ್ತಾನೆ? ಹುಡುಕುತ್ತಾನೋ, ಬ್ಲೇಡು ಮುರಿಯಲಿ ಅಂತ ಏನಾದರೂ ಹೂಳಿಡುತ್ತಾನೋ? ಅವನ ಪ್ಯಾಂಟು ಒಗೆಯುವಾಗ ಜೇಬಿನಲ್ಲಿ ಜಲ್ಲಿಕಲ್ಲು ಸಿಕ್ಕಿತು, ತುಕ್ಕು ಹಿಡಿದ ತಂತಿಯ ತುಂಡು ಸಿಕ್ಕಿತು. ಮಾವ ಆಳದ ಲಿವರನ್ನು ಕೆಳಗಿನ ಹಲ್ಲಿಗೆ ಇಟ್ಟುಹೋದರೆ ಇವನು ಅದನ್ನು ಪೂರ್ತಿ ಮೇಲಕ್ಕೆ ಎತ್ತಿಟ್ಟಿರುತ್ತಿದ್ದ. ಇನ್ನೊಂದು ದಿನ ಜೇಬಿನಲ್ಲಿ ಸಿಕ್ಕಿದ್ದು ಬೂಟಿನ ಲೇಸು. ಕಪ್ಪು ಲೇಸು, ಎರಡು ಮೂರು ತುಂಡು, ಚಾಕುವಿನಲ್ಲಿ ನೀಟಾಗಿ ಕುಯ್ದದ್ದು.

ಇತ್ತೀಚೆಗೆ ಮೇಸ್ತ್ರಿಯ ಬೂಟಿಗೆ ಲೇಸು ನಿಲ್ಲುತ್ತಲೇ ಇರಲಿಲ್ಲ. ಹೊಸ ಜೊತೆ ತಂದರೆ ವಾರದಲ್ಲಿ ಮಾಯ. ಕೇಳಿದರೆ “ಎಲ್ಲೋ ಕಿತ್ತೋಯ್ತು ಬಿಡು” ಎನ್ನುತ್ತಿದ್ದ. ಹಾಗಾದರೆ ಕಿತ್ತವನು ಇವನು!

ಅವತ್ತು ಊಟದ ಹೊತ್ತಿಗೆ ತೋಟದಮ್ಮ ಲೇಸಿನ ತುಂಡುಗಳನ್ನು ತಂದು ಎಲ್ಲರ ಮಧ್ಯೆ ಇಟ್ಟಳು.

“ಏನಪ್ಪ ಇದು? ಮಾವನ ಬೂಟಿನ ದಾರನೂ ಬಿಡಲ್ವಾ ನೀನು?”

ಅಳಿಯ ಮಾವನ ಮುಖ ನೋಡಿದ. ಮಾವ ತಟ್ಟೆಯಲ್ಲಿ ಇಲ್ಲದ ಕಲ್ಲನ್ನು ಹುಡುಕತೊಡಗಿದ.

“ತಪ್ಪಾಯ್ತು ಅತ್ತೆ,” ಎಂದ ಅಳಿಯ.

“ತಪ್ಪು ಅಂತ ಗೊತ್ತಿದ್ದೂ ಮಾಡಿದ್ಯಲ್ಲ, ಯಾಕೆ ಅಂತ ಹೇಳು. ಮಿಷನ್ನಿನ ವೈರು ಕೀಳೋದೂ ನಾನು ನೋಡಿದ್ದೀನಿ. ನನ್ನ ಕಣ್ಣಿಗೆ ಮಣ್ಣೆರಚಬೇಡ.”

“ಬ್ಲೇಡು ಮುಟ್ಟೋ ಮುಂಚೆ ಅದನ್ನ ಕೀಳಲೇಬೇಕು ಅತ್ತೆ. ಇಲ್ಲಾಂದ್ರೆ...”

“ಇಲ್ಲಾಂದ್ರೆ ಮಿಷನ್ನು ಚೆನ್ನಾಗಿ ಓಡಿಬಿಡುತ್ತೆ, ಅಲ್ವಾ?”

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ಮಗಳು ಕೆಂಪಾದಳು. “ಅಮ್ಮ, ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ. ಅವರು ನಿನಗೇನು ಮಾಡಿದ್ರು?”

“ನಿನಗೇನು ಗೊತ್ತು ಸುಮ್ನಿರೇ. ನಿನ್ನಪ್ಪನ ಬುಡಕ್ಕೇ ಕೊಡಲಿ ಬೀಳ್ತಿದೆ ಇಲ್ಲಿ.”

ಅಳಿಯ ಎದ್ದು ಕೈ ತೊಳೆದ. ಅಡುಗೆಮನೆಯ ಬಾಗಿಲಲ್ಲಿ ಅವಳೊಬ್ಬಳೇ ಇದ್ದಾಗ ಮೆಲ್ಲಗೆ ಬಂದು, “ಅತ್ತೆ, ಮಾವನ ಕೈ ಒಂದ್ಸಲ ಡಾಕ್ಟ್ರಿಗೆ ತೋರಿಸಿ. ನಾನು ಹೇಳಿದೆ ಅಂತ ಹೇಳಬೇಡಿ” ಎಂದ.

“ಆ ಕೈಯೇ ಕಣಪ್ಪ ನಿನಗೆ ಕೆಲಸ ಕೊಡಿಸಿದ್ದು. ಆ ಕೈಗೆ ಏನೂ ಆಗಿಲ್ಲ,” ಎಂದು ಅವಳು ಪಾತ್ರೆ ಕುಕ್ಕಿದಳು. ಅಲ್ಲಿಗೆ ಮಾತು ಮುಗಿಯಿತು.

ಮಲಗುವ ಮುಂಚೆ ಗಂಡನನ್ನು ಕೇಳಿದಳು: “ನಿಜ ಹೇಳಿ. ಅವನು ಮಿಷನ್ನಿಗೆ ಏನು ಮಾಡ್ತಿದ್ದಾನೆ?” ಮೇಸ್ತ್ರಿ ಗೋಡೆ ಕಡೆ ತಿರುಗಿ, “ಹಳೇ ಮಿಷನ್ನು ಕಣೆ, ಅದು ಇರೋದೇ ಹಾಗೆ” ಎಂದ. ಗಂಡ ಅಳಿಯನನ್ನು ಕಾಪಾಡುತ್ತಿದ್ದಾನೆ, ಮಗಳ ಮುಖ ನೋಡಿ ವಿಷ ನುಂಗುತ್ತಿದ್ದಾನೆ ಎಂದು ತೋಟದಮ್ಮನಿಗೆ ಖಾತ್ರಿಯಾಯಿತು. ಪಾಪ, ದೇವರಂಥ ಮನುಷ್ಯ. ದೇವರಂಥವರಿಗೆ ಕಾವಲು ಬೇಕು. ಮಾರನೆಯ ದಿನದಿಂದ ಅವಳು ಈ ಕಥೆಯನ್ನು ವಾರ್ಡಿನ ಆಯಾಗೆ ಹೇಳಿದಳು, ಗೇಟಿನ ಕಾವಲುಗಾರನಿಗೆ ಹೇಳಿದಳು, ಔಷಧಿ ಕೊಡುವ ಕಿಟಕಿಯ ಹುಡುಗಿಗೂ ಹೇಳಿದಳು. ಆಸ್ಪತ್ರೆಯಲ್ಲಿ ಜ್ವರಕ್ಕಿಂತ ಬೇಗ ಹಬ್ಬುವುದು ಮಾತು.

ಮ್ಯಾನೇಜರು ಬಂದು ನೋಡುವ ದಿನ ಬಂದೇಬಿಟ್ಟಿತು. ಹಿಂದಿನ ಸಂಜೆ ಮೇಸ್ತ್ರಿ ಎಂದಿನಂತೆ ಬಿಸಿನೀರಿನಲ್ಲಿ ಕೈ ತೊಳೆದುಕೊಂಡು “ಮಿಷನ್ನಿಗೆ ಎಣ್ಣೆ ಬಿಟ್ಟು ಬರ್ತೀನಿ” ಎಂದು ಶೆಡ್ಡಿಗೆ ಹೋಗಿ ಬಂದಿದ್ದ. ಅವನು ಬಂದ ಕೂಡಲೇ ತೋಟದಮ್ಮ ಶೆಡ್ಡಿಗೆ ತನ್ನದೇ ಬೀಗ ಜಡಿದಳು. ಬೆಳಗಾಗುವುದರೊಳಗೆ ಒಂದು ಮಣೆ ಹಾಕಿಕೊಂಡು ಬಾಗಿಲ ಮುಂದೆ ಕೂತಳು.

ಅಳಿಯ ಬಂದ. ಬೀಗ ನೋಡಿದ, ಅತ್ತೆಯನ್ನು ನೋಡಿದ.

“ಅತ್ತೆ, ಒಂದು ನಿಮಿಷ ಬಾಗಿಲು ತೆಗೀರಿ. ಹಿಡಿ ನೋಡ್ಬೇಕು.”

“ಹಿಡಿ ಅಲ್ಲೇ ಇದೆ, ಎಲ್ಲೂ ಓಡಿಹೋಗಿಲ್ಲ.”

“ದಮ್ಮಯ್ಯ ಅತ್ತೆ. ನೀವೂ ಒಳಗೆ ಬನ್ನಿ ಬೇಕಾದ್ರೆ. ನಿಮ್ಮ ಕಣ್ಣೆದುರೇ ನೋಡ್ತೀನಿ.”

“ಇಷ್ಟು ದಿನ ನೋಡಿದ್ದು ಸಾಕು. ಇವತ್ತೊಂದು ದಿನ ನನ್ನ ಗಂಡನ್ನ ನೆಮ್ಮದಿಯಾಗಿ ಕೆಲಸ ಮಾಡೋಕೆ ಬಿಡು.”

ಅವನು ಇನ್ನೂ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮೇಸ್ತ್ರಿ ಬಂದ, ಹಿಂದೆಯೇ ಮ್ಯಾನೇಜರೂ ವರಾಂಡಕ್ಕೆ ಬಂದರು. ತೋಟದಮ್ಮ ಬೀಗ ತೆಗೆದಳು. ಅಳಿಯ ಬಾಯಿ ಮುಚ್ಚಿಕೊಂಡು ಕಲ್ಲು ಹೆಕ್ಕಲು ಮುಂದೆ ಹೋದ, ಆದರೆ ಹೆಜ್ಜೆಗೊಮ್ಮೆ ಹಿಂದೆ ತಿರುಗಿ ನೋಡುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಿದೆ ಇವನ ಪಾಡು ಎಂದುಕೊಂಡಳು ಇವಳು.

ಮೊದಲನೇ ಎಳೆತಕ್ಕೇ ಮಿಷನ್ನು ಎದ್ದಿತು. ಎದ್ದದ್ದು ನಿಲ್ಲಲಿಲ್ಲ. ಔಷಧಿ ಕಿಟಕಿಯಿಂದ ಹಿಡಿದು ಗೇಟಿನವರೆಗೂ ಬ್ಲೇಡು ಒಂದೇ ಸಮನೆ ಗೆರೆ ಎಳೆಯಿತು. ಅಂಥ ಗೆರೆಯನ್ನು ಸ್ಕೇಲು ಇಟ್ಟರೂ ಎಳೆಯಲಾಗದು. ತೋಟದಮ್ಮ ಪೊರಕೆ ಹಿಡಿದು ಮಿಷನ್ನಿನ ಪಕ್ಕದಲ್ಲೇ ನಡೆದಳು. ವರಾಂಡದಲ್ಲಿ ಮ್ಯಾನೇಜರು ತಲೆದೂಗಿದ್ದು ಅವಳಿಗೆ ಕಂಡಿತು. ಅಬ್ಬಾ, ಎಷ್ಟು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು! ನೋಡಿದಿರಾ, ಅಳಿಯ ಮುಟ್ಟದ ಒಂದೇ ಒಂದು ದಿನ ಮಿಷನ್ನು ಹೇಗೆ ಓಡುತ್ತದೆ ಎಂದು ಕೂಗಿ ಹೇಳಬೇಕೆನ್ನಿಸಿತು.

ಗೇಟಿನ ಹತ್ತಿರ ನೆಲ ಒದ್ದೆಯಿತ್ತು. ಹಸಿಮಣ್ಣು, ಹುಲ್ಲಿನ ಬೇರು ಎರಡೂ ಸೇರಿ ಬ್ಲೇಡಿನ ಸುತ್ತಲಿನ ತಗಡಿನ ಮರೆಯೊಳಗೆ ಮೆತ್ತಿಕೊಂಡವು. ಮೇಸ್ತ್ರಿ ಲಿವರ್ ಎತ್ತಿ ಬ್ಲೇಡನ್ನು ನೆಲದಿಂದ ಮೇಲೆ ತಂದ. ಹಿಡಿ ಬಿಟ್ಟ. ಕೈ ಕೊಡವಿಕೊಳ್ಳುತ್ತಾ ಮುಂದಕ್ಕೆ ಬಂದು ಬಗ್ಗಿದ. ಎಂಜಿನ್ನು ಮಾತ್ರ ಓಡುತ್ತಲೇ ಇತ್ತು.

ದೂರದಿಂದ ಅಳಿಯ ಕೂಗಿದ್ದು ಕೇಳಿಸಿತು. ತೋಟದಮ್ಮ ತಲೆಯೆತ್ತಿದಾಗ ಅವನು ಕೈಯಲ್ಲಿದ್ದ ಕಲ್ಲುಗಳನ್ನೆಲ್ಲ ಚೆಲ್ಲಿ ಓಡಿ ಬರುತ್ತಿದ್ದ, ಕಣ್ಣು ನೆಟ್ಟಗೆ ಮಿಷನ್ನಿನ ಮೇಲೆ, ಚಾಚಿದ ಕೈ ನೆಟ್ಟಗೆ ಆ ಕಪ್ಪು ಟೋಪಿಯ ಕಡೆಗೆ. ಮ್ಯಾನೇಜರು ನೋಡುತ್ತಿರುವಾಗಲೇ! ಇಷ್ಟು ಧೈರ್ಯವೇ? ಅವಳು ಪೊರಕೆ ಬಿಸಾಕಿ ಅಡ್ಡ ಬಂದು ಅವನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದಳು.

“ಇವತ್ತು ಮುಟ್ಟು, ನೋಡೇಬಿಡ್ತೀನಿ!”

“ಅತ್ತೆ, ಬಿಡಿ! ಬ್ಲೇಡು ತಿರುಗ್ತಿದೆ!”

“ತಿರುಗ್ಲಿ! ತಿರುಗೋದು ತಾನೇ ನಿನಗೆ ಆಗದೇ ಇರೋದು?”

“ಮಾವಾ! ಕೈ ತೆಗೀರಿ ಮಾವಾ!”

ಮಣ್ಣು ಅಗೆದ ಕೈ ಅವಳದು. ಅದರ ಹಿಡಿತ ಸಾಮಾನ್ಯದ್ದಲ್ಲ. ಅವನು ಜಗ್ಗಿದ, ಅವಳು ಇನ್ನೂ ಬಿಗಿ ಹಿಡಿದಳು. ಬೆನ್ನ ಹಿಂದೆ ಎಂಜಿನ್ನಿನ ಸದ್ದಿನಲ್ಲಿ ಟಕ್ ಎಂದು ಏನೋ ಒಂದು ಸಣ್ಣ ಶಬ್ದ. ಅಳಿಯನ ಮುಖ ಬಿಳಿಚಿಕೊಂಡಿತು. ಅವನು ಅವಳನ್ನು ತಳ್ಳಿಯೇ ಬಿಟ್ಟ, ಹಾರಿ ಟೋಪಿ ಕಿತ್ತ. ಎಂಜಿನ್ನು ನಿಂತಿತು.

ಮೇಸ್ತ್ರಿ ಕೂಗಲಿಲ್ಲ. ಬಲಗೈಯನ್ನು ಮುಖದ ಹತ್ತಿರ ಹಿಡಿದುಕೊಂಡು, ಅದು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದ. ಎರಡು ಬೆರಳಿನ ತುದಿ ಇರಲಿಲ್ಲ. “ನೋವೇ ಗೊತ್ತಾಗ್ಲಿಲ್ಲ ಕಣೆ,” ಎಂದ. ಆಮೇಲೆ ರಕ್ತ ಬಂತು.

ಆಸ್ಪತ್ರೆಯ ಅಂಗಳದಲ್ಲೇ ಆದದ್ದರಿಂದ ಹೊತ್ತುಕೊಂಡು ಹೋಗುವುದು ತಡವಾಗಲಿಲ್ಲ. ಹೊಲಿಗೆ ಹಾಕಿ ಬ್ಯಾಂಡೇಜು ಕಟ್ಟಿ ಹಾಸಿಗೆಯ ಮೇಲೆ ಕೂರಿಸಿದರು. ಅಳಿಯ ಆಗಲೇ ಮಿಷನ್ನನ್ನು ಶೆಡ್ಡಿಗೆ ಸೇರಿಸಿ ಬಂದಿದ್ದ. ಅವನ ಕೈಯಲ್ಲಿ ಕುಯ್ದ ಕಪ್ಪು ಲೇಸು ಇತ್ತು. ಮೇಸ್ತ್ರಿ ಆ ಲೇಸನ್ನೇ ನೋಡುತ್ತಾ ತಾನಾಗಿ ಬಾಯಿಬಿಟ್ಟ.

“ಬೆರಳು ಜೋಮು ಹಿಡಿಯುತ್ತೆ ಕಣೆ. ಮಿಷನ್ನು ನಡುಗಿ ನಡುಗಿ ಹಾಗಾಗಿದೆ. ಪಟ್ಟೀನ ಒತ್ತಿ ಹಿಡಿಯೋಕೆ ಆಗಲ್ಲ, ಕೈ ತಾನಾಗಿ ಬಿಟ್ಟುಹೋಗುತ್ತೆ, ಮಿಷನ್ನು ನಿಂತುಬಿಡುತ್ತೆ. ಅದಕ್ಕೇ ಪಟ್ಟೀನ ಹಿಡಿಗೆ ಸೇರಿಸಿ ಲೇಸಲ್ಲಿ ಕಟ್ಟಿಬಿಡ್ತಿದ್ದೆ. ಕಟ್ಟಿದ್ರೆ ಕೈ ಬಿಟ್ರೂ ನಿಲ್ಲಲ್ಲ. ಬೆಳಿಗ್ಗೆ ಹೊತ್ತು ಬೆರಳು ಮಡಚೋಕೇ ಬರಲ್ಲ, ಗಂಟು ಎಲ್ಲಿಂದ ಹಾಕ್ಲಿ? ಸಂಜೆ ಬಿಸಿನೀರಲ್ಲಿ ಕೈ ಅದ್ದಿ, ಸಡಿಲ ಆದ್ಮೇಲೆ ಕಟ್ಟಿಡ್ತಿದ್ದೆ. ಬೆಳಿಗ್ಗೆ ಇವನು ಕುಯ್ದು ಹಾಕ್ತಿದ್ದ, ಎಂಜಿನ್ನು ಏಳುವಾಗ ಬ್ಲೇಡು ನೆಲಕ್ಕೆ ತಗಲ್ದೇ ಇರ್ಲಿ ಅಂತ ಲಿವರೂ ಎತ್ತಿಡ್ತಿದ್ದ. ಕುಯ್ದ ದಿನ ಮತ್ತೆ ಕಟ್ಟೋಕೆ ನನ್ನ ಕೈಲಿ ಆಗಲ್ಲ ಅಂತ ಇವನಿಗೆ ಗೊತ್ತಿತ್ತು. ಇವತ್ತು ಮ್ಯಾನೇಜರು ನೋಡ್ತಿದ್ರಲ್ಲ, ನಿಲ್ಲಿಸಿದ್ರೆ ಮತ್ತೆ ಏಳುತ್ತೋ ಇಲ್ವೋ ಅಂತ ಓಡ್ತಿದ್ದಾಗ್ಲೇ ಮಣ್ಣು ಕೀಳೋಕೆ ಹೋದೆ.”

“ನನಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಕೆಲಸ ಬಿಡು ಅಂತಿದ್ದೆ. ಇವನು ಹೇಳ್ತೀನಿ ಅಂದ. ನಾನೇ ಆಣೆ ಹಾಕಿಸ್ಕೊಂಡೆ.”

ತೋಟದಮ್ಮನಿಗೆ ಸಿಟ್ಟು ನೆತ್ತಿಗೇರಿತು. “ಅವನನ್ನ ಊಟಕ್ಕೆ ಕೂತಾಗ ಕಳ್ಳ ಅಂದೆ. ನೀವು ಅನ್ನ ಅಗೀತಾ ಕೂತಿದ್ರಿ. ಥೂ!” ಎಂದಳು. ಅಂದವಳು ಅಲ್ಲಿಯೇ ಕುಸಿದು ಕೂತಳು, ಯಾಕೆಂದರೆ ಗಂಡ ಸುಳ್ಳು ಹೇಳಿದ್ದು ಬಾಯಲ್ಲಿ ಮಾತ್ರ. ಬ್ಲೇಡು ತಿರುಗುತ್ತಿದ್ದಾಗ ನಿಲ್ಲಿಸಲು ಬಂದ ಕೈಯನ್ನು ಹಿಡಿದುಕೊಂಡಿದ್ದು ಅವಳು. ಬೀಗ ಹಾಕಿದ್ದೂ ಅವಳೇ.

ಮ್ಯಾನೇಜರು ಒಳಗೆ ಬಂದರು. ಮೇಸ್ತ್ರಿಯ ಬ್ಯಾಂಡೇಜು ನೋಡಿ ಲೊಚಗುಟ್ಟಿ, ಅಳಿಯನ ಕಡೆ ತಿರುಗಿದರು.

“ನಾನು ವರಾಂಡದಿಂದ ಎಲ್ಲಾ ನೋಡಿದ್ದೀನಿ. ಮಿಷನ್ನು ಚೆನ್ನಾಗೇ ಓಡ್ತಿತ್ತು. ಇವನು ಓಡಿ ಬಂದ, ತಳ್ಳಾಟ ಆಯ್ತು, ಅಷ್ಟರಲ್ಲಿ ಮೇಸ್ತ್ರಿ ಕೈ ಹೋಯ್ತು. ಇವನೇ ಮಿಷನ್ನು ಕೆಡಿಸ್ತಿದ್ದಾನೆ ಅಂತ ಆಸ್ಪತ್ರೆಯೆಲ್ಲ ಆಡ್ಕೊಳ್ತಿದೆ. ತೋಟದಮ್ಮ, ನೀವೇ ಹೇಳಿದ್ದಂತಲ್ಲ? ಇವನನ್ನ ಇವತ್ತೇ ಕೆಲಸದಿಂದ ತೆಗೀತೀನಿ. ಮೇಸ್ತ್ರೀ, ನೀವು ಯೋಚನೆ ಮಾಡ್ಬೇಡಿ. ಕೈ ವಾಸಿ ಮಾಡ್ಕೊಂಡು ಬನ್ನಿ, ನಿಮ್ಮ ಜಾಗ ನಿಮ್ಮದೇ.”

ರೋಗಿ ಬಯಸಿದ್ದೂ ಹಾಲು-ಅನ್ನ, ವೈದ್ಯ ಹೇಳಿದ್ದೂ ಹಾಲು-ಅನ್ನ. ಇಷ್ಟು ದಿನ ತೋಟದಮ್ಮ ಹಗಲೂ ರಾತ್ರಿ ಬಯಸಿದ್ದು ಇದನ್ನೇ. ಬಾಯಿ ಮುಚ್ಚಿಕೊಂಡು ಕೂತರೆ ಸಾಕಿತ್ತು. ಮೇಸ್ತ್ರಿ ಅವಳನ್ನು ನೋಡಿದ. ಬೇಡ, ಏನೂ ಹೇಳಬೇಡ ಎಂದು ಆ ಕಣ್ಣುಗಳು ಅಂಗಲಾಚುತ್ತಿದ್ದವು. ಅಳಿಯ ನೆಲ ನೋಡುತ್ತಾ ನಿಂತಿದ್ದ. ಈಗಲೂ ಅವನು ಆಣೆಯ ಮನುಷ್ಯ.

ಅವಳಿಗೆ ಗಂಡನ ಮೇಲೆ ಎಷ್ಟು ಪ್ರೀತಿ ಬಂತೆಂದರೆ ಎದೆ ಒಡೆದುಹೋಗುತ್ತದೇನೋ ಎನ್ನಿಸಿತು. ಆದರೂ ಎದ್ದು ನಿಂತಳು.

“ಇಲ್ಲ ಸಾರ್. ಮಿಷನ್ನು ಕೆಟ್ಟಿರ್ಲಿಲ್ಲ, ಇವನು ಕೆಡಿಸೋಕೆ ಬರ್ಲೂ ಇಲ್ಲ. ಕೆಟ್ಟಿರೋದು ನಮ್ಮ ಯಜಮಾನರ ಕೈ. ಹಿಡಿಯೋಕಾಗಲ್ಲ ಅಂತ ಪಟ್ಟಿ ಕಟ್ಟಿ ಓಡಿಸ್ತಿದ್ರು. ಇವನು ಎಂಜಿನ್ನು ನಿಲ್ಲಿಸೋಕೆ ಓಡಿ ಬಂದ. ಅವನ ಕೈ ನಾನು ಹಿಡ್ಕೊಂಡೆ. ಈ ಕೈಯಲ್ಲಿ. ಆ ಎರಡು ಬೆರಳು ತೆಗೆದದ್ದು ನಾನು ಅಂತ ಬರ್ಕೊಳ್ಳಿ.”

ಮೇಸ್ತ್ರಿ ಕಣ್ಣು ಮುಚ್ಚಿಕೊಂಡ. ಮ್ಯಾನೇಜರು ಬ್ಯಾಂಡೇಜನ್ನೊಮ್ಮೆ, ಅಳಿಯನ ಕೈಯಲ್ಲಿದ್ದ ಲೇಸನ್ನೊಮ್ಮೆ ನೋಡಿದರು. ಆಮೇಲೆ, ಇನ್ನು ಮೇಲೆ ಮೇಸ್ತ್ರಿ ಯಾವ ಮಿಷನ್ನನ್ನೂ ಮುಟ್ಟುವ ಹಾಗಿಲ್ಲ, ನಾಳೆಯಿಂದ ತೋಟ ಅಳಿಯನ ಜವಾಬ್ದಾರಿ ಎಂದು ಹೇಳಿ ಹೊರಟುಹೋದರು. ಹಿಂದೆಯೇ ಅಳಿಯನೂ ಔಷಧಿ ಚೀಟಿ ತೆಗೆದುಕೊಂಡು ಹೊರಗೆ ನಡೆದ.

ತೋಟದಮ್ಮ ಓಣಿಯಂಥ ವರಾಂಡದಲ್ಲಿ ಅವನ ಹಿಂದೆ ಓಡಿದಳು. ತಪ್ಪಾಯಿತು ಎನ್ನಬೇಕಿತ್ತು; ಆ ಮಾತು ಎಷ್ಟು ಸಣ್ಣದೆಂದು ಅವನ ಮಣಿಕಟ್ಟಿನ ಮೇಲೆ ಕೆಂಪಗೆ ಮೂಡಿದ್ದ ತನ್ನ ಉಗುರಿನ ಗುರುತು ನೋಡಿದಾಗ ಗೊತ್ತಾಯಿತು. ಅದಕ್ಕೇ ಅವಳ ಬಾಯಿಂದ ಬೇರೆಯದೇ ಬಂತು.

“ಆಣೆ ಮುರಿದಾದ್ರೂ ನನಗೆ ಹೇಳಬಾರದಿತ್ತಾ, ಅಪ್ಪಾ?”

ಅಳಿಯ ನಿಂತ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

“ಮುರೀತಿದ್ದೆ ಅತ್ತೆ. ಇವತ್ತು ಬೆಳಿಗ್ಗೆ ಶೆಡ್ಡಿನ ಮುಂದೆ ಬಾಯಿಗೆ ಬಂದಿತ್ತು. ಮಾವ ಪಟ್ಟಿ ಕಟ್ಟಿದ್ದಾರೆ, ಅವರ ಕೈ ಸರಿಯಿಲ್ಲ ಅಂತ ಆಗ ನಾನು ಹೇಳಿದ್ರೆ ನೀವು ನಂಬ್ತಿದ್ರಾ?”

ನಂಬುತ್ತಿದ್ದೆ ಎನ್ನಲು ತೋಟದಮ್ಮ ಬಾಯಿ ತೆರೆದಳು. ಆ ಬೆಳಗಿನ ತನ್ನನ್ನು ನೆನೆಸಿಕೊಂಡಳು, ಮಣೆಯ ಮೇಲೆ ಕೂತಿದ್ದ, ಎಲ್ಲ ಗೊತ್ತಿದ್ದ ಆ ಹೆಂಗಸನ್ನು.

“ಇಲ್ಲ,” ಎಂದಳು. “ನಂಬ್ತಿರ್ಲಿಲ್ಲ.”

ಅವನು ತಲೆಯಾಡಿಸಿ ಔಷಧಿ ತರಲು ಹೋದ.